ಅಪೊಲೋನಿಯಾಳನ್ನು ಮೆಟ್ಟಿಲಿಳಿಸುವ ಸಾಲು

ವಾರ್ಸಾ ಬೀದಿಯ ಗಂಡಸರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದ ಮಾತು ಒಂದಿತ್ತು: "ಅಪೊಲೋನಿಯಾ ಸುಡೋಲ್ ಮನೆ ಮುಂದೆ ಹೋಗ್ಬೇಕಾದ್ರೆ ಸ್ವಲ್ಪ ಕುಂಟ್ಕೊಂಡು ಹೋಗಪ್ಪಾ. ನೆಟ್ಟಗೆ ನಡೆದ್ಯೋ, ತನ್ನ ಹೆಣ ಹೊರೋಕೆ ಹಿಡ್ಕೊಂಡ್ಬಿಡ್ತಾಳೆ."

ಹೆಂಗಸರದ್ದು ಇನ್ನೊಂದು ಮಾತು. "ದೇವರು ಮಕ್ಕಳನ್ನ ಕೊಡ್ಲಿಲ್ಲ ನೋಡು, ಅದಕ್ಕೇ ಡಾಕರ್ಸ್ ಫುಟ್‌ಬಾಲ್ ತಂಡದ ಆ ಐದು ಕೋಣಗಳನ್ನ ಹಚ್ಕೊಂಡಿದಾಳೆ." ಚರ್ಚಿನ ಪಾದ್ರಿಗಳು ಯಾರ ಬಗ್ಗೆಯೂ ಆಡಿಕೊಳ್ಳುವವರಲ್ಲ. ಆದರೂ ಒಂದು ಶುಕ್ರವಾರ ಮೀನೂಟದ ಹೊತ್ತಿನಲ್ಲಿ ಬಾಯಿ ಜಾರಿ, ಆಕೆ ಪಾಪನಿವೇದನೆಗೆ ಬಂದರೆ ತನ್ನ ಪಾಪಗಳನ್ನು ಎರಡು ಮಾತಿನಲ್ಲಿ ಮುಗಿಸಿ, ಡಾಕರ್ಸ್ ತರಬೇತುದಾರನ ಪಾಪಗಳನ್ನು ಅರ್ಧ ಗಂಟೆ ಹೇಳುತ್ತಾಳೆ ಅಂದುಬಿಟ್ಟಿದ್ದರು.

ಆಕೆಯ ಬಗ್ಗೆ ಏನೂ ಹೇಳದೆ ಸುಮ್ಮನಿದ್ದವನೆಂದರೆ ಪಕ್ಕದ ಮನೆಯ ಕ್ಲೆಮ್ ವ್ರೋನಾ ಒಬ್ಬನೇ. ಅವನನ್ನು ಆಕೆ ಸಾಲಿನಿಂದ ತೆಗೆದುಹಾಕಿ ಎಷ್ಟೋ ವರ್ಷವಾಗಿತ್ತು.

ಪೋರ್ಟ್ ಕಾರ್ವರಿನಲ್ಲಿ ಉಕ್ಕಿನ ಕಾರ್ಖಾನೆ ಮುಚ್ಚಿತು, ಬಂದರಿನಲ್ಲಿ ಹಡಗು ನಿಂತುಹೋದವು, ಪೋಲಿಷ್ ಬ್ರೆಡ್ಡಿನ ಅಂಗಡಿಯವನು ಕೂಡ ಗಂಟು ಕಟ್ಟಿದ. ಊರಿಗೆ ಉಳಿದದ್ದು ಸರೋವರದ ಕಡೆಯಿಂದ ಬೀಸುವ ಗಾಳಿ, ಮತ್ತು ಪ್ರತಿ ಭಾನುವಾರ ಊರಿನ ಮಾನ ತೆಗೆಯಲು ತಪ್ಪದೆ ಮೈದಾನಕ್ಕಿಳಿಯುವ ಡಾಕರ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡ. ಊರೆಲ್ಲ ನೋಡುತ್ತಿದ್ದದ್ದು ಚೆಂಡನ್ನು, ಇಲ್ಲವೇ ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕನ್ನು, ಅವನ ಹೊಳೆಯುವ ಹಲ್ಲನ್ನು. ಅವನ ಮೈಮೇಲೆ ಯಾರೂ ಬಂದು ಬೀಳದಿರಲೆಂದು ಮುಂದೆ ಬಾಗಿ ನಿಂತು ಗುದ್ದು ತಿನ್ನುವ ಐದು ದಡಿಯರ ಸಾಲನ್ನು ನೋಡುವವರು ಅವರವರ ತಾಯಂದಿರು. ಅವರನ್ನು ಬಿಟ್ಟರೆ ಅಪೊಲೋನಿಯಾ.

ಬೇಸಿಗೆ ಕೊನೆಯಲ್ಲಿ ತಂಡದ ತಾಲೀಮು ಊರಾಚೆಯ ಕಾಲೇಜು ಮೈದಾನದಲ್ಲಿ ನಡೆಯುತ್ತಿತ್ತು. ಆಕೆ ಮಡಚುವ ಕುರ್ಚಿ, ಸಾಸೇಜು ತುಂಬಿದ ಬ್ರೆಡ್ಡು, ಗಂಡನ ಹಳೆಯ ಟೋಪಿ ಸಮೇತ ಹೋಗಿ ಬೇಲಿಯ ಬದಿಗೆ ಕೂರುವಳು. ಸಂಜೆ ಬಂದು ತನ್ನ ಜಗಲಿಯ ಮೇಲಿಂದ ಆ ವರ್ಷದ ಸಾಲಿನ ಜಾತಕ ಓದುವಳು. ಬೀದಿಯ ಜನ ಬಿಯರ್ ಹಿಡಿದುಕೊಂಡು ಮೆಟ್ಟಿಲ ಕೆಳಗೆ ಸೇರುವರು.

ಆಕೆಯ ಮಾತು ನಿಜವಾಗುತ್ತಿತ್ತೇ ಎಂದು ಕೇಳಬೇಡಿ. ಒಂದು ವರ್ಷ "ಈ ಸಾಲು ಕಬ್ಬಿಣದ ಬಾಗಿಲು ಕಣ್ರೋ" ಅಂದಳು. ಆ ವರ್ಷ ಕ್ವಾರ್ಟರ್‌ಬ್ಯಾಕ್ ನಿಂತಿದ್ದಕ್ಕಿಂತ ಅಂಗಾತ ಮಲಗಿ ಆಕಾಶ ನೋಡಿದ್ದೇ ಹೆಚ್ಚು. ಕಸಾಯಿ ಅಂಗಡಿಯ ಬೋಲೆಕ್ ಕೆಣಕಿದ: "ಏನಮ್ಮಾ, ನಿನ್ನ ಕಬ್ಬಿಣದ ಬಾಗಿಲು?"

"ಬಾಗಿಲು ಕಬ್ಬಿಣದ್ದೇ ಕಣೋ. ಚಿಲಕ ಹಾಕೋದು ಮರೆತಿದ್ರು, ಅಷ್ಟೆ."

ಇಷ್ಟೇ ಆಗಿದ್ದರೆ ಊರಿಗೊಬ್ಬಳು ಫುಟ್‌ಬಾಲ್ ಹುಚ್ಚಿ ಎಂದು ಜನ ಮರೆಯುತ್ತಿದ್ದರು. ಆದರೆ ಡಾಕರ್ಸ್ ಸಾಲಿನ ಜೊತೆಗೆ ಆಕೆ ಇನ್ನೊಂದು ಸಾಲನ್ನೂ ಕಟ್ಟುತ್ತಿದ್ದಳು: ತಾನು ಸತ್ತಾಗ ತನ್ನ ಶವಪೆಟ್ಟಿಗೆ ಹೊತ್ತು ಜಗಲಿಯ ಮೆಟ್ಟಿಲಿಳಿಸುವ ಆರು ಜನರ ಸಾಲು.

ಯಾಕೆಂದರೆ ಆಕೆಯ ಗಂಡ ಫ್ಲೋರಿಯನ್ನನ್ನು ಆ ಮೆಟ್ಟಿಲ ಮೇಲೆ ಬೀಳಿಸಿಬಿಟ್ಟಿದ್ದರು.

ಫ್ಲೋರಿಯನ್ ಕಾರ್ಖಾನೆಯ ತಂಡದಲ್ಲಿ ಸಾಲಿನ ನಡುವೆ ನಿಲ್ಲುತ್ತಿದ್ದವನು. ಕಾಲ ಸಂದಿಯಿಂದ ಹಿಂದಕ್ಕೆ ಚೆಂಡು ಕೊಡುವ ಕೆಲಸ ಅವನದು. ಮನೆಯಲ್ಲಿ ಅಭ್ಯಾಸಕ್ಕೆ ಚೆಂಡೆಲ್ಲಿ ಬರಬೇಕು? ಅಡುಗೆಮನೆಯಲ್ಲಿ ಎಲೆಕೋಸು ಹಿಡಿದು ಬಾಗುವನು, ಹೆಂಡತಿ ಹಿಂದೆ ನಿಂತು, ಮೈದಾನದಲ್ಲಿ ಆಟ ಹೊರಡಿಸಲು ಕೂಗುವ ಹಾಗೆ "ಹಟ್!" ಎಂದು ಕೂಗಬೇಕು, ಅವನು ಕೋಸು ಕೊಡಬೇಕು. ಮದುವೆಯಾದ ಹೊಸದರಲ್ಲಿ ಬೇರೆ ಜೋಡಿಗಳು ಡ್ಯಾನ್ಸಿಗೆ ಹೋದರೆ ಇವರು ಹೀಗೆ ಕೋಸು ಆಡಿಕೊಂಡಿದ್ದರು. ಬೀದಿಯ ಆ ತುದಿಗೂ ಕೇಳುವಂತೆ ಕೂಗುತ್ತಿದ್ದಳಂತೆ.

ಅವನು ಸತ್ತಾಗ ಶವಾಗಾರದಿಂದ ಕಳಿಸೋಣ ಎಂದವರಿಗೆಲ್ಲ ಆಕೆ ಬಾಗಿಲು ತೋರಿಸಿದಳು. ಹೆಣ ಮನೆಯ ನಡುಕೋಣೆಯಲ್ಲೇ ಮಲಗಿತು. ಹೊರಲು ಆರು ಜನ. ಮುಂದಿನ ಮೂವರು ಕಾರ್ಖಾನೆಯ ತಂಡದವರು, ಹಿಂದಿನ ಮೂವರು ಚರ್ಚಿನ ತಂಡದವರು. ಕಾರ್ಖಾನೆಯವರು ಮೊದಲ "ಹಟ್"ಗೇ ನುಗ್ಗಿ ಅಭ್ಯಾಸವಾದವರು. ಚರ್ಚಿನವರು ಭಕ್ತಿವಂತರು, ಎರಡನೆಯದಕ್ಕೆ ಕಾಯುವವರು. ಇದನ್ನು ಯಾರೂ ಯೋಚಿಸಲಿಲ್ಲ. ಹೆಣ ಹೊರುವುದಕ್ಕೆ ಯಾರು ತಾನೇ ಇದನ್ನೆಲ್ಲ ಯೋಚಿಸುತ್ತಾರೆ?

ಮೆಟ್ಟಿಲ ತಲೆಗೆ ಬಂದು ಆರೂ ಜನ ನಿಂತರು. ಆಗ ಜಗಲಿಯ ಮೇಲಿಂದ, ಕಪ್ಪು ಮುಸುಕಿನೊಳಗಿಂದ, ಆ ಹಳೆಯ ಅಡುಗೆಮನೆಯ ದನಿ ತನಗೇ ಗೊತ್ತಿಲ್ಲದೆ ಹೊರಟಿತು: "ಹಟ್!"

ಮುಂದಿನ ಮೂವರು ಹೊರಟರು. ಹಿಂದಿನ ಮೂವರು ಎರಡನೆಯದಕ್ಕೆ ಕಾದರು. ಎಡಬದಿಯ ಹಿಂದಿದ್ದ ಕ್ಲೆಮನ ಕೈಯಿಂದ ಹಿಡಿ ಕಿತ್ತುಕೊಂಡು ಹೋಯಿತು. ಪೆಟ್ಟಿಗೆ ಮುಂದಿನವರನ್ನು ಆಚೀಚೆ ಸರಿಸಿ, ತಾನೇ ದಾರಿ ಮಾಡಿಕೊಂಡು ಜಾರಿ, ಶವದ ಕಾರಿನ ಗಾಲಿಗೆ ಬಡಿದು ನಿಂತಿತು. ಬದುಕಿದ್ದಾಗ ಫ್ಲೋರಿಯನ್ ಅಷ್ಟು ಜೋರಾಗಿ ಯಾವತ್ತೂ ಓಡಿರಲಿಲ್ಲ. ಮುಚ್ಚಳ ತೆರೆಯಲಿಲ್ಲ, ಅದೊಂದು ಪುಣ್ಯ. ಹಾಡುತ್ತಿದ್ದವರ ಬಾಯಿ ಮಾತ್ರ ತೆರೆದದ್ದು ತೆರೆದ ಹಾಗೇ ಇತ್ತು.

ಅಪೊಲೋನಿಯಾ ಮುಸುಕು ಸರಿಸಿ ನೋಡಿದಾಗ ಕಂಡದ್ದು ಕ್ಲೆಮನ ಖಾಲಿ ಕೈ.

"ನನ್ನ ಗಂಡನ್ನ ಕೈಬಿಟ್ಟೆಯಲ್ಲೋ," ಅಂದಳು. ಅಷ್ಟೇ. ಮುಂದೆ ಅವನ ಜೊತೆ ಆಡಿದ್ದು ಮಂಜು ಬಿದ್ದಾಗ "ನಿನ್ನ ಸನಿಕೆ ನನ್ನ ಕಡೆ ಬರ್ತಿದೆ" ಎನ್ನುವಂಥ ಮಾತು ಮಾತ್ರ.

ಕೂಗಿದ್ದು ಯಾರೆಂದು ಹಾಡಿನ ಗದ್ದಲದಲ್ಲಿ ಊರಿಗೆ ತಿಳಿಯಲಿಲ್ಲ, ಕ್ಲೆಮನಿಗೆ ಗೊತ್ತಿತ್ತು. ಅವನ ಹೆಂಡತಿ ಇದ್ದಷ್ಟು ದಿನ ಚುಚ್ಚುತ್ತಿದ್ದಳು: "ಹೋಗಿ ಹೇಳ್ಬಾರ್ದೇನ್ರೀ? ಊರೆಲ್ಲ ನಿಮ್ಮನ್ನ ಬೆಣ್ಣೆಕೈ ಅಂತ ಕರೀತಿದೆ."

"ಗಂಡನ್ನ ಕಳ್ಕೊಂಡವಳ ಹತ್ರ ಹೋಗಿ, ಅವನನ್ನ ಬೀಳಿಸಿದ್ದೂ ನೀನೇ ಕಣಮ್ಮಾ ಅಂತ ಹೇಳ್ಲಾ? ಸಮಯ ನೋಡಿ ಹೇಳ್ತೀನಿ ಬಿಡು."

ಸಮಯವೆಂಬುದು ಇಂಥ ವಿಷಯದಲ್ಲಿ ಬರುವುದು ಯಾವತ್ತೆಂದು ನಿಮಗೂ ಗೊತ್ತು. ಅವನ ಹೆಂಡತಿಯೂ ಹೋದಳು, ಸಮಯ ಮಾತ್ರ ಬರಲಿಲ್ಲ.

ಅಪೊಲೋನಿಯಾ ಅಂದಿನಿಂದ ಒಂದೇ ಹಟ ಹಿಡಿದಳು: ತಾನು ಮಾತ್ರ ಆ ಮೆಟ್ಟಿಲನ್ನು ನೆಟ್ಟಗೆ ಇಳಿಯಬೇಕು. ಅದಕ್ಕೇ ಪ್ರತಿ ಆಗಸ್ಟಿನಲ್ಲಿ, ಡಾಕರ್ಸ್ ಸಾಲಿನ ಜಾತಕ ಮುಗಿದ ಮೇಲೆ, ತನ್ನ ಸಾಲಿನ ಪರೀಕ್ಷೆ. ನಡುಕೋಣೆಯ ಸೋಫಾ ಜಗಲಿಗೆ ಬರುವುದು. ಅದರ ಮೇಲೆ ಆಕೆ, ಕೈಯಲ್ಲಿ ಅಂಚಿನವರೆಗೆ ತುಂಬಿದ ಕಾಫಿ ಬಟ್ಟಲು. ಆರು ಜನ ಸೋಫಾವನ್ನು ಆಕೆಯ ಸಮೇತ ಎತ್ತಿ ಕೆಳಗಿಳಿಸಬೇಕು. ಕಾಫಿ ಎಷ್ಟು ಚೆಲ್ಲಿತು ಎನ್ನುವುದೇ ಅಂಕ. ಚರ್ಚಿನ ಅಡುಗೆಮನೆಯಲ್ಲಿ ವರ್ಷಗಟ್ಟಲೆ ಆಲೂಗಡ್ಡೆ ಕಡುಬು ಮಾಡಿ, ಸರಿಯಾಗಿದೆಯೋ ಇಲ್ಲವೋ ಎಂದು ಪ್ರತಿ ಸಲವೂ ತಾನೇ ತಿಂದು ನೋಡಿದ ದೇಹ ಅದು. ಪ್ರತಿ ವರ್ಷ ಕಾಫಿ ಚೆಲ್ಲುವುದು, ಪ್ರತಿ ವರ್ಷ ಒಬ್ಬಿಬ್ಬರ ಹೆಸರು ಹೋಗುವುದು.

"ಬೋಲೆಕ್, ನಿನ್ನ ಸೊಂಟ ಚೆನ್ನಾಗಿದೆ, ಬುದ್ಧಿ ಇನ್ನೊಂದು ವರ್ಷ ಬೆಳೀಲಿ. ಎಡ್ಡೀ, ನೀನು ಮನೆಗೆ ಹೋಗಪ್ಪಾ. ನಿನ್ನ ಮೊಣಕಾಲು ಚರ್ಚಿನ ಗಂಟೆ ಥರ ಸದ್ದು ಮಾಡುತ್ತೆ. ನನ್ನ ಹೆಣದ ಮುಂದೆ ಇನ್ನೊಂದು ಗಂಟೆ ಯಾಕೆ?"

ಈ ವೈಭವವನ್ನೆಲ್ಲ ಕ್ಲೆಮ್ ತನ್ನ ಮನೆಯ ಕಿಟಕಿಯಿಂದ ನೋಡುತ್ತಿದ್ದ. ಕೆಲವೊಮ್ಮೆ ಕೈ ತಾನಾಗಿ ಗಾಳಿಯಲ್ಲಿ ಸೋಫಾದ ಕಾಲು ಹಿಡಿಯುತ್ತಿತ್ತು.

ಆಕೆಯ ಕೊನೆಯ ಬೇಸಿಗೆಯಲ್ಲಿ ಡಾಕ್ಟರು ತೂಕ ಇಳಿಸಬೇಕೆಂದರು, ಹೃದಯ ಸೋತಿದೆಯೆಂದರು. "ನಾನು ಇಳಿಯೋದಕ್ಕಿಂತ ಅವರು ಎತ್ತೋದು ಕಲಿಯೋದು ಸುಲಭ," ಎಂದು ಹೇಳಿ ಆಕೆ ಬಂದಳು. ಆದರೆ ಮೆಟ್ಟಿಲು ಹತ್ತುವಾಗ ಎರಡು ಸಲ ನಿಂತದ್ದನ್ನು ಕಿಟಕಿಯವನು ನೋಡಿದ.

ತಾಲೀಮಿನ ದಿನ ಬಂತು. ಆಕೆಯನ್ನು ಕರೆದೊಯ್ಯುತ್ತಿದ್ದದ್ದು ಅದೇ ಮನೆಯ ಕೆಳಭಾಗದಲ್ಲಿದ್ದ ತಂಗಿಯ ಮಗಳು ರೆನಾಟಾ. ಅವಳಿಗೆ ಅಂದು ಆಸ್ಪತ್ರೆಯಲ್ಲಿ ಕೆಲಸ. ಬೋಲೆಕನ ವ್ಯಾನಿನ ತುಂಬ ಹಂದಿಮಾಂಸ. ಬೀದಿಯಲ್ಲಿ ಓಡುವ ಸ್ಥಿತಿಯಲ್ಲಿದ್ದ ಇನ್ನೊಂದು ಕಾರೆಂದರೆ ಕ್ಲೆಮನದು.

ರೆನಾಟಾ ಬಂದು ಕೇಳಿದಾಗ ಕ್ಲೆಮ್, "ನನ್ನ ಕಾರಲ್ಲಿ ಕೂರ್ತಾಳಂತಾ?" ಎಂದ.

"ಹಿಂದಿನ ಸೀಟಲ್ಲಿ ಕೂರ್ತೀನಿ, ಅವನ ಜೊತೆ ಮಾತಾಡಲ್ಲ, ಅಷ್ಟಾದ್ರೆ ಸರಿ ಅಂತ ಹೇಳಿದ್ರು ಮಾವಾ."

"ಬಾಡಿಗೆ ಕಾರಿನವನಿಗೂ ಎರಡು ಮಾತಾಡ್ತಾರಮ್ಮ ಜನ," ಎಂದು ಗೊಣಗಿ ಅವನು ಕಾರು ತೊಳೆಯಲು ಹೋದ. ಒಳಗೂ ಒರೆಸಿದ.

ದಾರಿಯುದ್ದಕ್ಕೂ ಆಕೆ ಮಾತಾಡಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಫ್ಲೋರಿಯನ್ನನ ಟೋಪಿಯ ಅಂಚು ಮಾತ್ರ ಕಾಣುತ್ತಿತ್ತು. ಬೇಲಿಯ ಬದಿಗೆ ಕುರ್ಚಿ ಹಾಕಿ ಅವನು ಹಿಂದೆ ನಿಂತ. ಆಕೆ ಕುಳಿತು, ಬ್ರೆಡ್ಡಿನ ಕಾಗದ ಬಿಚ್ಚಿ, ಗಾಳಿಗೆ ಹೇಳಿಕೊಳ್ಳುವವಳ ಹಾಗೆ ಶುರುಮಾಡಿದಳು.

"ನಡುವಿನವನು ಚೆನ್ನಾಗಿದಾನೆ. ಬಾಯಿ ಸ್ವಲ್ಪ ಜಾಸ್ತಿ, ಆದ್ರೆ ಕಾಲು ಬಾಯಿಗಿಂತ ಚುರುಕು. ಅವನ ಬಲಗಡೆಯವನ್ನ ನೋಡಿ, ಎದೆ ಎತ್ಕೊಂಡು ನಿಂತಿದಾನೆ, ಫೋಟೋ ತೆಗೆಸ್ಕೊಳ್ಳೋಕೆ ಬಂದಿರೋನ ಥರ. ಮೊದಲ ಗುದ್ದಿಗೇ ಫೋಟೋ ಗೋಡೆಗೆ ಹೋಗುತ್ತೆ. ಬಲತುದಿಯವನು ಮಲಗಿದಾನಾ, ಎದ್ದಿದಾನಾ? ಅಯ್ಯೋ, ಎದ್ದೇ ಇದಾನೆ ಪಾಪ."

ಪಕ್ಕದಲ್ಲಿ ನಿಂತಿದ್ದ ಯಾರೋ ಒಬ್ಬ ನಕ್ಕ. ಆಕೆ ಅವನತ್ತ ತಿರುಗಿಯೂ ನೋಡಲಿಲ್ಲ.

"ಎಡಗಡೆ ಒಳಗಿನವನು ಹೊಸಬ. ಪಕ್ಕದವನನ್ನೇ ನೋಡ್ತಾನೆ, ಅವನು ಹೆಜ್ಜೆ ಇಟ್ಟರೆ ತಾನೂ ಇಡ್ತಾನೆ. ಇವನನ್ನ ಇಟ್ಕೋಬೇಕು. ಎಡತುದಿಯವನು ವಯಸ್ಸಾದವನು. ಪಾದ ಭಾರ, ಕೈ ಒಳ್ಳೇದು."

ಅಷ್ಟರಲ್ಲಿ ಮೈದಾನದಲ್ಲಿ ಗದ್ದಲವಾಯಿತು. ಆ ವರ್ಷ ಭಾರಿ ಸದ್ದು ಮಾಡಿ ತಂದಿದ್ದ ಹೊಸ ಕ್ವಾರ್ಟರ್‌ಬ್ಯಾಕ್ "ಹಟ್" ಎನ್ನುವ ಮೊದಲೇ ಎಡತುದಿಯವನು ಎದ್ದುಬಿಟ್ಟಿದ್ದ. ತರಬೇತುದಾರ ಟೋಪಿ ನೆಲಕ್ಕೆ ಬಡಿದು ಅವನ ವಂಶವನ್ನೆಲ್ಲ ಬೈದ. ಮತ್ತೆ ನಿಂತರು, ಮತ್ತೆ ಅದೇ ಆಯಿತು. ಬೇಲಿಯ ಬದಿಯ ಜನವೂ ಸೇರಿಕೊಂಡರು: "ಮುದುಕನ್ನ ಕಳಿಸ್ರೋ ಮನೆಗೆ!"

ಅಪೊಲೋನಿಯಾ ಬ್ರೆಡ್ಡು ಅಗಿಯುವುದನ್ನು ನಿಲ್ಲಿಸಿದಳು. ಜೀವಮಾನದಲ್ಲಿ ಮೊದಲ ಸಲ ಸಾಲನ್ನು ಬಿಟ್ಟು ಅದರ ಹಿಂದೆ ನಿಂತವನನ್ನು ನೋಡಿದಳು. ಇವನೂ ಹೊಳೆಯುವ ಹಲ್ಲಿನವನೇ, ಕೂಗುವ ಮೊದಲು ಸಣ್ಣಗೆ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಬಾಗಿ ನಿಂತವನ ಕಿವಿಗೆ ಅದೇ ಕೂಗು.

ಕೈಯಲ್ಲಿದ್ದ ಬ್ರೆಡ್ಡಿನ ಹಳದಿ ಸಾಸಿವೆ ಗೊಜ್ಜು ಆಕೆಯ ದೊಡ್ಡ ಅಂಗಿಯ ಮೇಲೆ ತೊಟ್ಟಿಕ್ಕಿತು.

"ತಪ್ಪು ಆ ತುದಿಯವನದಲ್ಲ," ಅಂದಳು ಕೊನೆಗೆ. ಈ ಸಲ ಮಾತು ಗಾಳಿಗಲ್ಲ, ಹಿಂದೆ ನಿಂತವನಿಗೆ. "ಕೂಗಿದವರದು."

ಕ್ಲೆಮ್ ಕುರ್ಚಿಯ ಬೆನ್ನು ಹಿಡಿದುಕೊಂಡ. ಏನಾದರೂ ಹೇಳಬೇಕೆಂದು ಬಾಯಿ ತೆರೆದ.

"ನಿನ್ನನ್ನ ನಾನೇನಾದ್ರೂ ಕೇಳಿದ್ನಾ?" ಎಂದಳು ತಿರುಗದೆಯೇ. "ಕರವಸ್ತ್ರ ಇದ್ರೆ ಕೊಡು. ಸಾಸಿವೆ ಬಿತ್ತು."

ಕರವಸ್ತ್ರ ತೆಗೆದುಕೊಂಡಳು. ಸಾಸಿವೆ ಒರೆಸಿದಳು, ಆಮೇಲೆ ಅದೇ ಕರವಸ್ತ್ರದಲ್ಲಿ ಮುಖವನ್ನೂ ಒರೆಸಿಕೊಂಡಳು. ಕೆನ್ನೆಗೆ ಸಾಸಿವೆ ಹತ್ತಿತು. ಅದನ್ನು ಹೇಳುವ ಧೈರ್ಯ ಕ್ಲೆಮನಿಗೆ ಬರಲಿಲ್ಲ, ಹೀಗಾಗಿ ಊರ ದಡಿಯರ ಸಾಲನ್ನು ಆಕೆ ಹಳದಿ ಕೆನ್ನೆಯಲ್ಲೇ ತೂಗಿದಳು.

ಮಧ್ಯಾಹ್ನದ ಮೇಲೆ ಮೈದಾನದಲ್ಲಿ ದೊಡ್ಡ ಧ್ವನಿವರ್ಧಕಗಳಿಂದ ಕಿವಿ ಹರಿಯುವ ಗಲಾಟೆ ಬಿಟ್ಟರು. ಬೇರೆ ಊರಿಗೆ ಆಡಲು ಹೋದಾಗ ಅಲ್ಲಿನ ಜನ ಕಿರುಚುವುದಕ್ಕೆ ಇದು ತಯಾರಿ. ಯಾರ ಕೂಗೂ ಯಾರಿಗೂ ಕೇಳದು. ಆಗ ನಡುವಿನವನ ತೊಡೆಯನ್ನು ಪಕ್ಕದವನು ಅಂಗೈಯಿಂದ ಒಮ್ಮೆ ತಟ್ಟಿದ. ಮರುಕ್ಷಣ ಚೆಂಡು ಅಲುಗಿತು, ಅದರ ಜೊತೆಗೆ ಐವರೂ ಹೊರಟರು, ಒಂದೇ ಬಾಗಿಲು ತೆರೆದ ಹಾಗೆ. ಎಡತುದಿಯ ಮುದುಕ ಕೂದಲೆಳೆಯಷ್ಟೂ ತಪ್ಪಲಿಲ್ಲ.

"ನೋಡ್ದ್ಯಾ?" ಎಂದು ಆಕೆ ಗಲಾಟೆಯ ನಡುವೆ ಕೂಗಿದಳು. "ಬಾಯಿ ಮುಚ್ಚಿದ್ರೆ ಎಷ್ಟು ಚೆನ್ನಾಗಿ ಆಡ್ತಾರೆ!"

ವಾಪಸಾಗುವಾಗ ಮುಂದಿನ ಸೀಟಿನಲ್ಲಿ ಕೂತಳು. ಹಿಂದಿನ ಸೀಟಿನ ಬಾಗಿಲು ಬಿಗಿಯಂತೆ, ಅದಕ್ಕೆ. ಮನೆಯ ಮುಂದೆ ಇಳಿಯುತ್ತ, "ಭಾನುವಾರ ಪೂಜೆ ಮುಗಿದ ಮೇಲೆ ಸೋಫಾ ಎತ್ತೋದಿದೆ," ಅಂದಳು. "ಎಡಗಡೆ ಹಿಂದುಗಡೆ ಜಾಗ ಖಾಲಿ ಇದೆ. ನೀನು ಬರ್ಲೇಬೇಕು ಅಂತ ಏನಿಲ್ಲ."

ಭಾನುವಾರ ಕ್ಲೆಮ್ ಬಂದ. ಮದುವೆಗೆ ಹಾಕಿಕೊಳ್ಳುವ ಅಂಗಿಯಲ್ಲಿ. ಬೀದಿಯವರು ಬಾಯಿ ಬಿಟ್ಟುಕೊಂಡು ನೋಡಿದರು.

ಬೋಲೆಕ್ ಕೇಳಿಯೇಬಿಟ್ಟ: "ಏನಮ್ಮಾ, ಬೆಣ್ಣೆಕೈನ ವಾಪಸ್ ತಗೊಂಡ್ಯಾ? ಕಾರಣ?"

"ತರಬೇತುದಾರ ಯಾರನ್ನ ಯಾಕೆ ಇಟ್ಕೊಂಡ ಅಂತ ಹೇಳ್ತಾನೇನೋ? ಸೋಫಾ ಹಿಡಿ."

"ಸರಿ, ಎಣಿಸೋದು ಯಾರು?" ಎಂದ ಇನ್ನೊಬ್ಬ. ಅದೇ ದೊಡ್ಡ ಜಗಳವಾಯಿತು. ನಾನು, ನಾನು. ಒಂದು ಎರಡು ಮೂರು ಅಂದ ಮೇಲೋ, ಮೂರು ಅನ್ನುವಾಗಲೋ? ಪೋಲಿಷ್‌ನಲ್ಲೋ, ಇಂಗ್ಲಿಷ್‌ನಲ್ಲೋ? ಆಕೆ ಬಟ್ಟಲು ಹಿಡಿದು ರಾಣಿಯಂತೆ ಕಾದು, ಕಾಫಿ ಆರಿದ ಮೇಲೆ ಬಾಯಿ ತೆರೆದಳು.

"ಯಾರೂ ಎಣಿಸಕೂಡ್ದು. ಆವತ್ತು ನಿಮ್ಮಲ್ಲಿ ಅರ್ಧ ಜನ ಗೊಳೋ ಅಂತ ಅಳ್ತಿರ್ತೀರಿ, ಉಳಿದರ್ಧ ಊಟಕ್ಕೇನು ಅಂತ ಕೇಳ್ತಿರ್ತೀರಿ. ಯಾರ ಮಾತು ಯಾರಿಗೆ ಕೇಳುತ್ತೆ? ಕ್ಲೆಮ್ ಕೈಯಿಂದ ಪೆಟ್ಟಿಗೆ ಮರಕ್ಕೆ ಒಂದ್ಸಲ ತಟ್ತಾನೆ. ಮರದಲ್ಲಿ ಬಂದ ಅದುರು ಎಲ್ಲರ ಕೈಗೂ ಬರುತ್ತೆ. ಆಗ ಹೊರಡಿ. ನಾನೂ ಆವತ್ತು ಏನೂ ಕೂಗಲ್ಲ. ಮಾತು ಕೊಡ್ತೀನಿ."

ಕೊನೆಯ ಮಾತಿಗೆ ಎಲ್ಲರೂ ನಕ್ಕರು. ಕ್ಲೆಮ್ ಮಾತ್ರ ಸೋಫಾದ ಕಾಲನ್ನೇ ನೋಡುತ್ತಿದ್ದ.

ಅವನು ತಟ್ಟಿದ. ಆರೂ ಜನ ಎತ್ತಿದರು, ಇಳಿದರು. ಕಾಫಿ ಚೆಲ್ಲಿತು, ಚೆಲ್ಲಲಿಲ್ಲವೆಂದರೆ ದೇವರು ಮೆಚ್ಚುವುದಿಲ್ಲ. ಆದರೆ ತಟ್ಟೆಗೆ ಮಾತ್ರ, ಅಂಗಿಗೆ ಬೀಳಲಿಲ್ಲ. ಆಕೆ ತಟ್ಟೆಯಲ್ಲಿದ್ದದ್ದನ್ನು ಬಟ್ಟಲಿಗೆ ಸುರಿದುಕೊಂಡು ಕುಡಿದಳು. ಆಮೇಲೆ ಅಲ್ಲೇ, ಕಾಲುದಾರಿಯ ಮೇಲಿಟ್ಟ ಸೋಫಾದಿಂದಲೇ, ಆ ವರ್ಷದ ಜಾತಕ ಓದಿದಳು.

"ಡಾಕರ್ಸ್ ಸಾಲು ಮಂಜು ಬೀಳೋವರೆಗೂ ನಿಲ್ಲುತ್ತೆ. ಹಲ್ಲಿನವನು ಗಂಟಲು ಸರಿಮಾಡ್ಕೊಳ್ಳೋದು ಬಿಟ್ರೆ. ಇನ್ನು ನನ್ನ ಸಾಲು... ಅಷ್ಟೇನೂ ಚೆನ್ನಾಗಿಲ್ಲ. ಇರೋದ್ರಲ್ಲಿ ಇದೇ. ನಾನೂ ಇನ್ನು ಹೊಸಬರನ್ನ ಹುಡುಕೋಕೆ ಹೋಗಲ್ಲ."

ಸೋಫಾವನ್ನು ಮತ್ತೆ ಮೇಲಕ್ಕೆ ಹೊತ್ತರು. ಆಕೆ ಮಾತ್ರ ಕ್ಲೆಮನ ತೋಳು ಹಿಡಿದು ನಡೆದೇ ಹತ್ತಿದಳು, ಮೂರು ಸಲ ನಿಂತು. ಮೂರು ಸಲವೂ "ನಿಂಗೆ ಸುಸ್ತಾದ ಹಾಗಿದೆ, ಸುಧಾರಿಸ್ಕೋ" ಎಂದು ಅವನಿಗೇ ಹೇಳಿದಳು.

ಮೊದಲ ಪಂದ್ಯಕ್ಕೆ ಮುಂಚಿನ ಗುರುವಾರ ಬೆಳಿಗ್ಗೆ ರೆನಾಟಾ ಕಾಫಿ ಹಿಡಿದು ಮೇಲೆ ಹೋದಾಗ ಆಕೆ ಎದ್ದಿರಲಿಲ್ಲ. ಹೆಣವನ್ನು ನಡುಕೋಣೆಯಲ್ಲೇ ಮಲಗಿಸಿದರು. ಬೀದಿಯ ಹೆಂಗಸರು ಕಡುಬು ತಂದರು, ಆಕೆಯ ಕೈಯ ರುಚಿ ಬಂದಿಲ್ಲವೆಂದು ತಾವೇ ಹೇಳಿಕೊಂಡು ತಿಂದರು.

ಶನಿವಾರ ಶವಾಗಾರದವನು ಗಾಲಿಗಳ ಗಾಡಿ, ಹಲಗೆಯ ಇಳಿಜಾರು ಎಲ್ಲ ತಂದ. "ಈಗಿನ ಪದ್ಧತಿ ಇದೇ ಸ್ವಾಮಿ, ಯಾರಿಗೂ ಸೊಂಟ ಹಿಡಿಯಲ್ಲ," ಎಂದ.

"ಆ ಗಾಡಿನ ಸೋಫಾ ಇಟ್ಟು ಪರೀಕ್ಷೆ ಮಾಡಿದ್ರಾ?" ಎಂದ ಬೋಲೆಕ್. "ಇಲ್ವಲ್ಲ? ಹಾಗಾದ್ರೆ ಸರಿಸಿ ಆಚೆಗೆ."

ಕ್ಲೆಮ್ ಎಡಬದಿಯ ಹಿಂದಿನ ಹಿಡಿಯನ್ನು ಹಿಡಿದ. ಅಂಗೈ ಬೆವರುತ್ತಿತ್ತು, ಎರಡು ಸಲ ಪ್ಯಾಂಟಿಗೆ ಒರೆಸಿಕೊಂಡ. ಆರೂ ಜನ ಪೆಟ್ಟಿಗೆಯನ್ನು ಹೊಸಿಲು ದಾಟಿಸಿ ಮೆಟ್ಟಿಲ ತಲೆಗೆ ತಂದು ನಿಂತರು. ಕೆಳಗೆ ಬೀದಿಯೆಲ್ಲ ಸೇರಿತ್ತು. ಆಕೆ ಹೇಳಿದ್ದಂತೆ ಅರ್ಧ ಜನ ಗೊಳೋ ಎನ್ನುತ್ತಿದ್ದರು.

ಕ್ಲೆಮ್ ಒಂದು ಗಳಿಗೆ ಕಾದ. ಅಭ್ಯಾಸಬಲದಿಂದ ಜಗಲಿಯತ್ತ ಕಿವಿ ಕೊಟ್ಟ. ಅಲ್ಲಿಂದ ಯಾವ ಕೂಗೂ ಬರಲಿಲ್ಲ. ಆಕೆ ಕೊಟ್ಟ ಮಾತಿಗೆ ತಪ್ಪುವವಳಲ್ಲ.

ಅವನು ಅಂಗೈಯಿಂದ ಮರವನ್ನು ಒಮ್ಮೆ ತಟ್ಟಿದ.

ಆರು ಕಾಲು ಒಟ್ಟಿಗೆ ಕೆಳಗಿಳಿದವು. "ಭಾರ ಇದಾಳಪ್ಪಾ," ಎಂದು ಮುಂದಿನಿಂದ ಬೋಲೆಕ್ ಹಲ್ಲು ಕಚ್ಚಿ ಪಿಸುಗುಟ್ಟಿದ. "ಸುಮ್ನಿರೋ, ಕೇಳಿಸ್ಕೊಂಡ್ರೆ ಸಾಲಿಂದ ತೆಗೀತಾಳೆ," ಎಂದ ಕ್ಲೆಮ್. ಇಬ್ಬರ ಕಣ್ಣಿನಿಂದಲೂ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಮೆಟ್ಟಿಲ ನಂತರ ಮೆಟ್ಟಿಲು, ಎಲ್ಲಿಯೂ ಓಲದೆ, ಅಪೊಲೋನಿಯಾ ಸುಡೋಲ್ ತನ್ನ ಮನೆಯಿಂದ ನೆಟ್ಟಗೆ ಇಳಿದು ಹೊರಟಳು.